ಕಡಿಮೆ ಕೆಂಪು

ಎಡ ಮೊಣಕೈಯ ಕೆಳಗಿನ ಕಲೆ ನಿನ್ನೆ ಬರೀ ನೀಲಿಯಾಗಿತ್ತು. ಇವತ್ತು ಅದರ ಅಂಚು ಹಸಿರಿಗೆ ತಿರುಗಿ, ಹಸಿರಿನಾಚೆ ತೆಳ್ಳಗೆ ಹಳದಿ ಇಣುಕುತ್ತಿರುವುದನ್ನು ಅವಳು ಹಾಸಿಗೆಯಲ್ಲಿ ಮಲಗಿಕೊಂಡೇ ನೋಡಿದಳು. ಎಲ್ಲಿ ತಾಗಿಸಿಕೊಂಡೆನೆಂದು ನೆನಪಾಗಲಿಲ್ಲ. ಈಚೆಗೆ ಹೀಗೆಯೇ. ಪೆಟ್ಟು ಬಿದ್ದದ್ದು ಗೊತ್ತಾಗುವುದಿಲ್ಲ, ಗುರುತು ಮಾತ್ರ ಆಮೇಲೆ ತಾನಾಗಿ ಮೈಮೇಲೆ ಏಳುತ್ತದೆ, ನಿದ್ದೆಯಲ್ಲಿ ಯಾರೋ ಬಂದು ಹೆಬ್ಬೆರಳು ಒತ್ತಿ ಹೋದ ಹಾಗೆ. ಮದುವೆಗೂ ಮುಂಚಿನಿಂದ ನಾಟಕದವರ ಮುಖಕ್ಕೆ ಬಣ್ಣ ಹಚ್ಚುತ್ತ ಬಂದವಳು ಅವಳು. ರಂಗದ ಮೇಲೆ ಹೊಡೆಸಿಕೊಂಡವರ ಕೆನ್ನೆಗೆ ಇಂಥ ಕಲೆಗಳನ್ನು ಎಷ್ಟು ಮಾಡಿದ್ದಳೋ. ಮೊದಲು ಕಂದುಗೆಂಪು, ಅದರ ಮೇಲೆ ನೀಲಿ, ಕೊನೆಗೆ ಒದ್ದೆ ಸ್ಪಂಜಿನ ಮೂಲೆಯಿಂದ ಅಂಚನ್ನು ಕರಗಿಸುವುದು. ಆದರೆ ಈ ಹಳದಿ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಮೈ ತಾನೇ ಮಾಡಿದ ಕೆಲಸ ತನ್ನ ಕೆಲಸಕ್ಕಿಂತ ನಯವಾಗಿದೆ ಅನ್ನಿಸಿ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಡವೇ ಎಂದುಕೊಂಡು ಕಣ್ಣು ಮುಚ್ಚಿದಳು.

ಬೆಳಕು ಹರಿಯುವ ಹೊತ್ತಿಗೆ ಒಮ್ಮೆ ಎಚ್ಚರವಾಗಿತ್ತು. ಆಗ ಮೈ ಬೆಚ್ಚಗಿತ್ತು. ಕೆಟ್ಟ ಬಿಸಿಯಲ್ಲ, ಬಿಸಿಲಿನಲ್ಲಿ ಒಣಗಿದ ದುಪ್ಪಟಿಯನ್ನು ಆಗಷ್ಟೇ ಎಳೆದುಕೊಂಡ ಹಾಗೆ ಹಿತವಾದದ್ದು. ತಿಂಗಳುಗಟ್ಟಲೆ ಕೈಕಾಲು ತಣ್ಣಗೆ ಕೊರಡಿನಂತಿದ್ದವಳಿಗೆ ಅದು ಎಷ್ಟು ಸುಖವೆನ್ನಿಸಿತೆಂದರೆ, ಅದು ಏನೆಂದು ಗೊತ್ತಿದ್ದೂ ಸ್ವಲ್ಪ ಹೊತ್ತು ಗೊತ್ತಿಲ್ಲದವಳಂತೆ ಮಲಗಿದ್ದಳು. ನೂರು ದಾಟಿದರೆ ಮನೆಯಲ್ಲಿ ಒಂದು ಗಳಿಗೆ ಕೂರಬೇಡಿ, ನೇರ ಇಲ್ಲಿಗೆ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಹೇಳುವಾಗ ಅವರ ನೋಟ ಅವಳನ್ನು ದಾಟಿ ಪಕ್ಕದಲ್ಲಿ ಕೂತ ನಾದಿನಿಯ ಮೇಲಿತ್ತು, ಮಗುವಿನ ವಿಷಯವನ್ನು ತಾಯಿಗೆ ಹೇಳುವಂತೆ. ಅವಳು ಎದ್ದು, ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟಿದ್ದ ಜ್ವರದ ಮಾತ್ರೆಯೊಂದನ್ನು ನುಂಗಿ ಮತ್ತೆ ಮಲಗಿದ್ದಳು. ನಿದ್ದೆ ಬಂತು. ನಿದ್ದೆಯಲ್ಲಿ ಉದ್ದನೆಯ ಓಣಿಯೊಂದರಲ್ಲಿ ನಡೆಯುತ್ತಿದ್ದಳು, ಎರಡೂ ಕಡೆ ಬಾಗಿಲುಗಳು, ಒಳಗಿನಿಂದ ಪಿಸುಮಾತು. ಎದ್ದಾಗ ಕುತ್ತಿಗೆ ಬೆವರಿತ್ತು, ಬಿಸಿ ಇಳಿದಿತ್ತು, ಕಲೆಗೆ ಹಳದಿ ಅಂಚು ಬಂದಿತ್ತು.

"ಅತ್ತಿಗೆ, ಬಾಯಿ ತೆಗಿ."

ನಾದಿನಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಥರ್ಮಾಮೀಟರು. ಅವಳ ಹೆಸರು ಏನೇ ಇರಲಿ, ಹುಟ್ಟಿದಾಗಿನಿಂದ ಮನೆಯವರಿಗೆಲ್ಲ ಪುಟ್ಟಿ. ಈಗ ಅರವತ್ತಾರು ದಾಟಿ, ಬಾಗಿಲು ತುಂಬುವಷ್ಟು ದಪ್ಪಗಾಗಿದ್ದರೂ ಪುಟ್ಟಿಯೇ. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವಳು, ಸಂಬಂಧದಲ್ಲಿ ಚಿಕ್ಕವಳು. ಈ ತಕ್ಕಡಿ ಯಾವ ಕಡೆ ತೂಗಬೇಕೆಂಬುದು ಮದುವೆಯ ದಿನದಿಂದ ಇತ್ಯರ್ಥವಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಹಾಗಾಗಿ ಪಕ್ಕದಲ್ಲಿದ್ದವರ ಜೊತೆಗೂ ದೂರದ ಊರಿನವರ ಜೊತೆಗೆ ಮಾತಾಡಿದಂತೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಅಣ್ಣ ಸತ್ತ ಮೇಲೆ ಮನೆಯಲ್ಲಿ ಉಳಿದದ್ದು ಅವನ ಹೆಂಡತಿ ಮತ್ತು ಅವನ ತಂಗಿ. ಎರಡು ಜಡೆ ಒಂದು ಕಡೆ ಇರುವುದಿಲ್ಲ ಎಂಬ ಮಾತನ್ನು ಇಬ್ಬರೂ ಸೇರಿ ಸುಳ್ಳು ಮಾಡಿದ್ದರು, ದಿನಾ ಜಗಳವಾಡುತ್ತಲೇ.

"ತೊಂಬತ್ತೆಂಟೂವರೆ. ಪರವಾಗಿಲ್ಲ," ಎಂದು ಪುಟ್ಟಿ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿ, "ಮುಖ ಯಾಕೆ ಹೀಗಿದೆ?" ಎಂದಳು.

"ಹೇಗಿದೆ?"

"ಬೆವರಿದೆ."

"ನೀನು ಕಿಟಕಿ ತೆಗೆಯೋಕೆ ಬಿಡ್ತೀಯಾ? ಧೂಳು, ಧೂಳು ಅಂತ ಜೀವ ತಿಂತೀಯ."

ಪುಟ್ಟಿ ಗೊಣಗುತ್ತ ಹೋದಳು. ಬಾಗಿಲ ಹಿಡಿಯನ್ನು ಬಟ್ಟೆಯಿಂದ ಒರೆಸುವ ಸದ್ದು ಕೇಳಿಸಿತು. ಕಾಯಿಲೆ ಗೊತ್ತಾದ ಮೇಲೆ ಅವಳು ಮನೆಯ ಎಲ್ಲ ಹಿಡಿಗಳನ್ನೂ ಒರೆಸುತ್ತಿದ್ದಳು, ಹಣ್ಣನ್ನು ಎರಡು ಸಲ ತೊಳೆದು ಸಿಪ್ಪೆ ತೆಗೆಯುತ್ತಿದ್ದಳು, ಸೀನಿದವರನ್ನು ಮೆಟ್ಟಿಲಿಂದಲೇ ವಾಪಸು ಕಳಿಸುತ್ತಿದ್ದಳು. ಎದುರುಮನೆಯಾಕೆ ಬಂದಾಗ, "ಅತ್ತಿಗೆಗೆ ಬಿಳೀ ರಕ್ತ ಇಲ್ಲ, ದೂರದಿಂದಲೇ ಮಾತಾಡಿ," ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದ್ದಳು. ಬಿಳೀ ರಕ್ತ ಇಲ್ಲ. ಏನೋ ನಾಚಿಕೆಗೇಡಿನ ಕೆಲಸ ಮಾಡಿ ಸಿಕ್ಕಿಬಿದ್ದವರ ಹಾಗೆ ಅವಳು ಒಳಗೆ ಕೂತು ಆ ಮಾತು ಕೇಳಿಸಿಕೊಂಡಿದ್ದಳು.

ಕನ್ನಡಿಯ ಮುಂದೆ ನಿಂತು ಎಂದಿನಂತೆ ಕೆನ್ನೆಗೆ ತುಸು ಕೆಂಪು ಸವರಿಕೊಂಡಳು. ಈಗ ಅದು ಯಾರನ್ನೂ ಮೋಸ ಮಾಡಲಿಕ್ಕಲ್ಲ, ರೂಢಿ ಅಷ್ಟೆ. ಆದರೆ ಒಂದು ಕಾಲದಲ್ಲಿ ಮೋಸವೇ ಆಗಿತ್ತು. ಕಳೆದ ವರ್ಷ ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟಲು ತೊಡಗಿದಾಗ, ಬಿಸಿಲು ಕಂಡರೆ ಕಣ್ಣು ಕತ್ತಲಿಟ್ಟಾಗ, ಕನ್ನಡಿಯಲ್ಲಿ ತನ್ನ ಮುಖ ತೊಳೆದಿಟ್ಟ ಪಿಂಗಾಣಿ ತಟ್ಟೆಯಂತೆ ಕಂಡಾಗ, ಅವಳು ಮಾಡಿದ್ದು ಒಂದೇ ಕೆಲಸ: ದಿನಕ್ಕೊಂದಿಷ್ಟು ಕೆಂಪು ಹೆಚ್ಚು ಮಾಡುತ್ತ ಹೋದಳು. ತುಟಿಗೆ, ಕೆನ್ನೆಗೆ, ಕಿವಿಯ ಹಾಲೆಗೂ. ಯಾರಿಗೂ ಗೊತ್ತಾಗಲಿಲ್ಲ. ಪುಟ್ಟಿಗೂ ಇಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಮೇಜಿನಲ್ಲಿ ಎದುರುಬದುರು ಕೂತು ಉಣ್ಣುವವಳಿಗೂ ಇಲ್ಲ. ಅದರಲ್ಲಿ ಅವಳಿಗೊಂದು ಹೆಮ್ಮೆಯಿತ್ತು. ಕೊನೆಗೆ ತರಕಾರಿ ಅಂಗಡಿಯಲ್ಲಿ ಕುಸಿದು ಬಿದ್ದು ಆಸ್ಪತ್ರೆ ಸೇರಿದಾಗ ಅಲ್ಲಿನ ಚಿಕ್ಕ ಡಾಕ್ಟರು, ಇನ್ನೂ ಹುಡುಗಿಯಂತಿದ್ದವರು, ಟಾರ್ಚು ಹಿಡಿದು ಅವಳ ಮುಖ ನೋಡಿದವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಆಮೇಲೆ ಮೆಲ್ಲಗೆ, "ಅಮ್ಮಾ, ಸ್ವಲ್ಪ ಮುಖ ತೊಳ್ಕೊಂಡು ಬರ್ತೀರಾ?" ಎಂದರು.

ಆ ಬಾತ್‌ರೂಮಿನ ನಲ್ಲಿ, ಗುಲಾಬಿ ಬಣ್ಣಕ್ಕೆ ತಿರುಗಿ ಹರಿದುಹೋದ ನೀರು, ಟವೆಲ್ಲಿಲ್ಲದೆ ಸೆರಗಿನಲ್ಲೇ ಒರೆಸಿಕೊಂಡದ್ದು. ಹೊರಗೆ ಬಂದಾಗ ಪುಟ್ಟಿ ಬೆಂಚಿನಿಂದ ಎದ್ದು ನಿಂತಿದ್ದಳು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಪುಟ್ಟಿಯ ಬಾಯಿ ಕಟ್ಟಿದ್ದನ್ನು ಅವಳು ನೋಡಿದ್ದು ಆವತ್ತೊಂದೇ ಸಲ.

ಆಮೇಲೆ ಸೊಂಟದ ಮೂಳೆಗೆ ಸೂಜಿ ಇಳಿಸಿ ಒಳಗಿನ ಮಜ್ಜೆ ತೆಗೆದರು. ಚಿಕ್ಕ ಡಾಕ್ಟರು ಮುಂದೆ ಕೂರಿಸಿಕೊಂಡು ವಿವರಿಸಿದರು. ರಕ್ತದ ಕಣಗಳೆಲ್ಲ ಹುಟ್ಟುವುದು ಮೂಳೆಯೊಳಗೆ. ಕೆಂಪು ಕಣ ಉಸಿರನ್ನು ಹೊತ್ತು ತಿರುಗುತ್ತದೆ, ಬಿಳಿಯದು ಸೋಂಕಿನ ಜೊತೆ ಹೋರಾಡುತ್ತದೆ, ಮೂರನೆಯದು ಗಾಯದ ಬಾಯಿ ಮುಚ್ಚುತ್ತದೆ. ನಿಮ್ಮಲ್ಲಿ ಮೂರೂ ಕಡಿಮೆ. ಸುಸ್ತು ಮೊದಲನೆಯದರಿಂದ, ಮೈಮೇಲಿನ ಕಲೆ ಮೂರನೆಯದರಿಂದ, ನನಗೆ ಹೆದರಿಕೆ ಇರುವುದು ನಡುವಿನದರ ಬಗ್ಗೆ ಎಂದಿದ್ದರು. ಕಡಿಮೆ ಯಾಕೆ ಎಂದೂ ಹೇಳಿದರು. ಅದು ಅವಳಿಗೆ ಕೇಳಿಸಲಿಲ್ಲ. ಅವಳು ಡಾಕ್ಟರ ಹುಬ್ಬುಗಳನ್ನು ನೋಡುತ್ತಿದ್ದಳು. ಎಡಗಡೆಯದು ಬಲಗಡೆಯದಕ್ಕಿಂತ ಒಂದು ಕೂದಲೆಳೆ ಮೇಲಿತ್ತು. ಒಂದು ಸಣ್ಣ ಗೆರೆ ಎಳೆದರೆ ಸರಿಹೋಗುತ್ತಿತ್ತು. ಪಕ್ಕದಲ್ಲಿ ಪುಟ್ಟಿ ಮಾತ್ರ ಪ್ರತಿ ಮಾತನ್ನೂ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ಇವತ್ತೂ ಆಸ್ಪತ್ರೆಯ ಅದೇ ಬೆಂಚು, ಅದೇ ಪುಟ್ಟಿ. ರಕ್ತ ತೆಗೆದವರು ಹತ್ತಿಯನ್ನು ಬಹಳ ಹೊತ್ತು ಒತ್ತಿ ಹಿಡಿದುಕೊಳ್ಳಲು ಹೇಳಿದರು. ಹತ್ತಿಯ ಕೆಳಗೆ ಚರ್ಮ ತನ್ನದಲ್ಲವೆಂಬಂತೆ ದೂರವಾಗಿತ್ತು. ಓಣಿಯಲ್ಲಿ ಹೋಗಿ ಬರುವವರ ಮುಖಗಳನ್ನು ನೋಡುತ್ತ ಕೂತಳು. ಎಲ್ಲರ ತುಟಿಯಲ್ಲೂ ಎಷ್ಟೊಂದು ಕೆಂಪು. ನೆಲ ಒರೆಸುವಾಕೆ, ಚಹಾ ಹಂಚುವವನು, ಗಾಲಿಕುರ್ಚಿ ತಳ್ಳುವವನು, ಎಲ್ಲರೂ ಲೆಕ್ಕವಿಲ್ಲದೆ ಕೆಂಪನ್ನು ಹೊತ್ತುಕೊಂಡು ಓಡಾಡುತ್ತಿದ್ದರು, ತಮ್ಮಲ್ಲಿ ಅದಿದೆಯೆಂಬ ಅರಿವೂ ಇಲ್ಲದೆ. ಒಬ್ಬ ಹೆಂಗಸು ನಗುತ್ತ ಹೋದಳು. ನಕ್ಕಾಗ ಅವಳ ಒಸಡು ಕಂಡಿತು. ಅದನ್ನು ಕಚ್ಚಿ ತಿನ್ನಬೇಕೆನ್ನುವಂಥ ಒಂದು ಹಸಿವು ಕ್ಷಣಕಾಲ ಎದ್ದು, ಅವಳು ಹೆದರಿ ನೆಲ ನೋಡಿದಳು.

"ಬಿಳಿ ಕಣ ಮತ್ತೆ ಇಳಿದಿವೆ," ಎಂದರು ಚಿಕ್ಕ ಡಾಕ್ಟರು, ಫಲಿತಾಂಶ ಬಂದ ಮೇಲೆ. "ತುಂಬ ಇಳಿದಿವೆ. ಜ್ವರ, ಚಳಿ, ಗಂಟಲು ನೋವು, ಏನಾದ್ರೂ ಇತ್ತಾ?"

"ಏನೂ ಇಲ್ಲ."

"ದಿನಾ ನಾನೇ ನೋಡ್ತೀನಿ ಡಾಕ್ಟ್ರೇ. ಬೆಳಿಗ್ಗೆ ತೊಂಬತ್ತೆಂಟೂವರೆ," ಎಂದಳು ಪುಟ್ಟಿ.

ತಾನು ಹೇಳಿದ ಸುಳ್ಳಿಗೆ ಪುಟ್ಟಿ ಸಾಕ್ಷಿ ನುಡಿಯುತ್ತಿದ್ದಳು, ಅಷ್ಟು ನಿಷ್ಠೆಯಿಂದ. ಅವಳಿಗೆ ಕಿವಿ ಬಿಸಿಯಾಯಿತು. ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂದದ್ದು ದೊರೆಯ ದನಿ ನೆನಪಾಗಿ ನಿಂತಿತು.

ದೊರೆ ನಿನ್ನೆ ಫೋನು ಮಾಡಿದ್ದ. ಒಂದೇ ತಂಡದಲ್ಲಿ ಅವರಿಬ್ಬರದೂ ಒಂದು ಆಯುಷ್ಯದ ಕೆಲಸ. ಜೀವನಪೂರ್ತಿ ರಾಜನ ಪಾತ್ರವನ್ನೇ ಮಾಡಿದ ಅವನನ್ನು ಹೆಂಡತಿ ಕೂಡ ದೊರೆ ಎಂದೇ ಕರೆಯುತ್ತಿದ್ದಳಂತೆ. ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದು ಮುಖದ ಬಲಭಾಗ ಸ್ವಲ್ಪ ಜೋತುಬಿದ್ದಿತ್ತು. ಆ ಭಾಗವನ್ನು ಬಣ್ಣದಲ್ಲೇ ಎತ್ತಿ ನಿಲ್ಲಿಸುವ ಬಗೆ ಗೊತ್ತಿದ್ದದ್ದು ಅವಳಿಗೊಬ್ಬಳಿಗೆ. "ನಾಳೆ ಸಂಜೆ ಕಡೇ ಆಟ, ಬಣ್ಣದಕ್ಕ. ಇನ್ನು ನನ್ನ ಕೈಲಾಗಲ್ಲ. ಬೇರೆಯವರ ಕೈಗೆ ನನ್ನ ಮುಖ ಕೊಡಲ್ಲ, ಕೊಟ್ಟರೆ ನಗೆಪಾಟಲು ಆಗುತ್ತೆ. ನೀನು ಬರಲಿಲ್ಲ ಅಂದ್ರೆ ನಾನೂ ರಂಗಕ್ಕೆ ಹೋಗಲ್ಲ." ಅವಳ ಕಾಯಿಲೆ ಅವನಿಗೆ ಗೊತ್ತಿರಲಿಲ್ಲ. ನಾಟಕದವರು ಯಾರಿಗೂ ಅವಳು ಹೇಳಿರಲಿಲ್ಲ. ಬರುತ್ತೇನೆ ಎಂದುಬಿಟ್ಟಿದ್ದಳು, ಎಷ್ಟೋ ದಿನಗಳ ಮೇಲೆ ಯಾರೋ ತನ್ನಿಂದ ಏನನ್ನೋ ಕೇಳಿದರೆಂಬ ಸುಖದಲ್ಲಿ.

ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ನಾದಿನಿಗೆ ಹೇಳಿದಳು. "ಇವತ್ತು ರಕ್ತ ಹಾಕ್ತಾರಂತೆ. ನರ್ಸು ಹೇಳಿದ್ಲು. ಸಂಜೆ ಆಗುತ್ತೆ. ನೀನಿಲ್ಲಿ ಕೂತು ಕೂತು ಸೊಂಟ ಹಿಡಿಸ್ಕೋಬೇಡ. ಮನೆಗೆ ಹೋಗಿ ಉಂಡು ಮಲಗಿ ಬಾ."

"ಡಾಕ್ಟ್ರು ಹೇಳಲಿಲ್ಲವಲ್ಲ?"

"ಎಲ್ಲಾನೂ ನಿನಗೆ ಹೇಳಬೇಕಾ?"

ಪುಟ್ಟಿ ಒಂದು ಕ್ಷಣ ನೋಡಿದಳು. ಆಮೇಲೆ ಚೀಲದಿಂದ ಉಣ್ಣೆಯ ಶಾಲು ತೆಗೆದು ಅವಳ ತೊಡೆಯ ಮೇಲಿಟ್ಟು, "ರಕ್ತ ಹಾಕುವಾಗ ಚಳಿ ಆಗುತ್ತೆ ನಿನಗೆ," ಎಂದು ಹೇಳಿ, ಕಾಲು ಎಳೆಯುತ್ತ ಹೋದಳು. ಬಾಗಿಲ ಬಳಿ ತಿರುಗಿ ನೋಡಿದಳು. ಬೆಂಚಿನಿಂದ ಅವಳು ಕೈ ಎತ್ತಿದಳು. ಎಷ್ಟು ಸುಲಭ ಎನ್ನಿಸಿತು.

ರಂಗಮಂದಿರದ ಹಿಂಬಾಗಿಲಿನಲ್ಲಿ ಅದೇ ವಾಸನೆ: ಹಳೆಯ ಬಟ್ಟೆ, ಪೌಡರು, ಗಡ್ಡ ಅಂಟಿಸುವ ಗೋಂದು, ಮರದ ಹಲಗೆ. ಆ ವಾಸನೆಗೆ ಅವಳ ಕೈಗಳು ತಾವಾಗಿ ಎಚ್ಚೆತ್ತವು. ಬಣ್ಣದ ಕೋಣೆಯಲ್ಲಿ ಬಲ್ಬುಗಳ ಸಾಲು ಹೊತ್ತಿತ್ತು. ದೊರೆ ಬನಿಯನ್ನಿನಲ್ಲಿ ಕೂತಿದ್ದ, ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು, ಕ್ಷೌರಕ್ಕೆ ಬಂದ ಮುದುಕನಂತೆ. "ಬಂದೆಯಾ," ಎಂದ, ಅಷ್ಟೆ. ಅವನೆದುರು ನಿಂತು ಕೆನ್ನೆಯ ಮೇಲೆ ಸ್ಪಂಜಿಟ್ಟಾಗ, ಕೋಣೆಯ ಗದ್ದಲವೆಲ್ಲ ನೀರಿನೊಳಗಿನಿಂದ ಕೇಳಿದಂತೆ ದೂರವಾಯಿತು. ಮುಖವೊಂದು ಕೈಕೆಳಗೆ ಇದ್ದರೆ ಅವಳಿಗೆ ಬೇರೆ ಲೋಕ ಬೇಡ. ಈ ಮುಖ ತುಂಬುಗೆನ್ನೆಯದಾಗಿದ್ದ ಕಾಲವನ್ನು ಬಲ್ಲಳು, ಮೊದಲ ಸುಕ್ಕನ್ನು ಮುಚ್ಚಿದ್ದೂ ಅವಳೇ. ಗಂಡ ತೀರಿಕೊಂಡ ವಾರ ಕೆಲಸಕ್ಕೆ ಬಂದಾಗ ಇದೇ ಮುಖ ಕಣ್ಣು ಮುಚ್ಚಿಕೊಂಡು, ಅವಳು ಅಳುವಷ್ಟು ಹೊತ್ತು ಅಲ್ಲಾಡದೆ ಕೂತಿತ್ತು, ಕಣ್ಣೀರು ಅದರ ಮೇಲೆ ಬಿದ್ದರೂ ಒರೆಸಿಕೊಳ್ಳದೆ. ಎಡಗೆನ್ನೆ ಮುಗಿಯಿತು. ಎಡ ಹುಬ್ಬು, ಎಡ ಮೀಸೆ, ಎಡಗಡೆಯ ಗಡ್ಡ. ಬಲ ಹುಬ್ಬನ್ನು ಜೋತುಬಿದ್ದ ರೆಪ್ಪೆಗಿಂತ ಒಂದು ಕಾಳಿನಷ್ಟು ಮೇಲೆ ಶುರು ಮಾಡಬೇಕು. ಕುಂಚವನ್ನು ಕಪ್ಪಿನಲ್ಲಿ ಅದ್ದಿದಳು.

ಆಗ ಚಳಿ ಬಂತು. ಮೊದಲು ಬೆನ್ನ ಹುರಿಯಲ್ಲಿ, ಯಾರೋ ತಣ್ಣನೆಯ ತಂತಿ ಎಳೆದಂತೆ. ಆಮೇಲೆ ದವಡೆ ತಾನಾಗಿ ಕಟಕಟಿಸತೊಡಗಿತು. ಹಲ್ಲು ಕಚ್ಚಿ ಹಿಡಿದಳು. ಮಾತ್ರೆಯ ಮರೆ ಸರಿದು ಹೋಗಿತ್ತು. ಇನ್ನೊಂದು ಹುಬ್ಬು, ಇನ್ನೊಂದು ಹುಬ್ಬು ಮಾತ್ರ ಎಂದು ತನ್ನ ಕೈಯನ್ನು ತಾನೇ ಬೇಡಿಕೊಂಡಳು. ಕುಂಚ ಹಣೆಯ ಮೇಲೆ ಅರ್ಧ ದಾರಿ ಸರಿಯಾಗಿ ಹೋಗಿ, ಆಮೇಲೆ ದಿಕ್ಕು ತಪ್ಪಿ ಮೇಲಕ್ಕೆ ಹಾರಿತು. ಅವಳ ಕೈ ಇಷ್ಟು ವರ್ಷಗಳಲ್ಲಿ ಎಳೆಯದಿದ್ದ ಗೆರೆ.

ದೊರೆ ಕಣ್ಣು ತೆರೆದು ಕನ್ನಡಿಯಲ್ಲಿ ತನ್ನನ್ನಲ್ಲ, ಅವಳನ್ನು ನೋಡಿದ.

"ಬಣ್ಣದಕ್ಕ, ಏನಾಗಿದೆ ನಿನಗೆ?"

"ಏನೂ ಇಲ್ಲ, ಸುಮ್ಮನಿರು. ಒರೆಸಿ ಮತ್ತೆ..."

ಅವನು ಅವಳ ಮಣಿಕಟ್ಟು ಹಿಡಿದ. ಹಿಡಿದವನು ಕೆಂಡ ಮುಟ್ಟಿದವನಂತೆ ಬಿಟ್ಟ. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು, ಅಷ್ಟು ತಿಂಗಳು ಯಾರಿಗೂ ಹೇಳದಿದ್ದ ಮಾತನ್ನು ನೆಲ ನೋಡುತ್ತ ಹೇಳಿದಳು: "ನನ್ನ ಮೂಳೆಯೊಳಗೆ ಕಾಯಿಲೆ ಇದೆ. ಜ್ವರ ಬಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆಯಿಂದ ಬಂದಿದೆ."

ಅವನು ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ಎದ್ದ. ಆಟಕ್ಕೆ ಹೊತ್ತಾಗುತ್ತದೆ ಎಂದು ಯಾರೋ ಓಣಿಯಲ್ಲಿ ಕೂಗಿದರು. "ದೊರೆ ಇಲ್ಲದೆ ಆಟ ಹೇಗೆ ಶುರು ಮಾಡ್ತಾರೆ, ಕಾಯ್ತಾರೆ ಬಿಡು," ಎಂದ ಅವಳಿಗೆ. ಟ್ಯಾಕ್ಸಿಯಲ್ಲಿ ಅವಳು ಶಾಲು ಹೊದ್ದು ಮೂಲೆಗೆ ಮುದುಡಿಕೊಂಡಿದ್ದಳು. ಪಕ್ಕದಲ್ಲಿ ಅವನ ಮುಖದ ಅರ್ಧ ರಾಜನದು, ಅರ್ಧ ರೋಗಿಯದು. ಡ್ರೈವರು ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡುತ್ತಿದ್ದ. ನಡುಗುತ್ತಲೇ ಅವಳು ಪುಟ್ಟಿಗೆ ಫೋನು ಮಾಡಿದಳು.

"ಪುಟ್ಟಿ, ನಾನು ಸುಳ್ಳು ಹೇಳಿದೆ. ಜ್ವರ ಬಂದಿತ್ತು. ಮಾತ್ರೆ ನುಂಗಿದ್ದೆ."

ಬೈಗುಳಕ್ಕೆ ಕಾದಳು, ಬೈದರೆ ಹಗುರಾದೀತೆಂದು.

"ಎಲ್ಲಿದೀಯ, ಅದನ್ನ ಹೇಳು," ಎಂದಳು ಪುಟ್ಟಿ, ಸಣ್ಣ ದನಿಯಲ್ಲಿ.

ತುರ್ತು ವಿಭಾಗದಲ್ಲಿ ನರ್ಸು ಮೊದಲು ಓಡಿ ಬಂದದ್ದು ದೊರೆಯ ಕಡೆಗೆ. ಅವನು ಕೈ ಮುಂದೆ ಮಾಡಿ, ತೊದಲುತ್ತಿದ್ದ ನಾಲಗೆಯಲ್ಲೂ ಹಳೆಯ ಗತ್ತು ತಂದುಕೊಂಡು, "ನಾನಲ್ಲ ತಾಯಿ, ಇವರು," ಎಂದ. ಅವಳಿಗೆ ನಗು ಬಂತು. ನಕ್ಕರೆ ಹಲ್ಲು ಕಟಕಟಿಸಿತು. ಪರದೆ ಎಳೆದರು, ಎರಡೂ ಕೈಗೆ ಸೂಜಿ ಚುಚ್ಚಿದರು. ಚಿಕ್ಕ ಡಾಕ್ಟರು ಬಂದು ಮಂಚದ ಪಕ್ಕ ನಿಂತರು. ಸಿಟ್ಟು ಮಾಡಲಿಲ್ಲ. "ನಿಮಗೆ ಸೋಂಕು ತಗುಲಿದ್ರೆ ಕೆಂಪಗಾಗಲ್ಲ, ಕೀವು ತುಂಬಲ್ಲ, ಊದಿಕೊಳ್ಳಲ್ಲ. ಅದನ್ನೆಲ್ಲ ಮಾಡೋ ಬಿಳಿ ಕಣಗಳೇ ಇಲ್ಲ. ಕೂಗಿ ಹೇಳೋಕೆ ಉಳಿದಿರೋದು ಜ್ವರ ಒಂದೇ. ನೀವು ಅದರ ಬಾಯಿ ಮುಚ್ಚಿಬಿಟ್ರಿ ಅಮ್ಮಾ," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಮೇಲಿನದು ಅವಳಿಗೆ ಬಿಡಿಬಿಡಿಯಾಗಿ ನೆನಪಿದೆ. ಬಿಳಿಯ ಸೀಲಿಂಗು ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುತ್ತಿತ್ತು. ಹಗಲು ಕಿಟಕಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕಂಬಿಗೆ ತೂಗಿಹಾಕಿದ ಚೀಲಗಳು ಬದಲಾಗುತ್ತಿದ್ದವು. ಒಂದರಲ್ಲಿ ಕಡುಗೆಂಪು, ಅದು ಯಾರದೋ, ಅವರು ಈಗ ಎಲ್ಲೋ ಬಸ್ಸಿಗೆ ಕಾಯುತ್ತಿರಬಹುದು, ಇಲ್ಲವೇ ಹೆಂಡತಿಯ ಜೊತೆ ಜಗಳವಾಡುತ್ತಿರಬಹುದು. ಅದು ಒಳಗೆ ಇಳಿಯುವಾಗ ತಾನು ಎಂದೂ ಕಾಣದ ಬೀದಿಯೊಂದರಲ್ಲಿ ಸೈಕಲ್ಲು ಹೊಡೆಯುತ್ತಿರುವಂತೆ, ಮೊಣಕಾಲು ಹುಡುಗನ ಮೊಣಕಾಲಿನಂತೆ ಗಟ್ಟಿಯಾಗಿರುವಂತೆ ಅನ್ನಿಸಿತು. ಇನ್ನೊಂದು ಚೀಲದಲ್ಲಿ ಜೇನಿನ ಬಣ್ಣದ ದ್ರವ. ಗಾಯ ಮುಚ್ಚುವ ಕಣಗಳು ಅವೇ ಎಂದು ನರ್ಸು ಹೇಳಿದಾಗ ನಂಬಲಾಗಲಿಲ್ಲ. ರಕ್ತವೆಂದರೆ ಕೆಂಪು ಎಂದೇ ಜೀವನವೆಲ್ಲ ಬಣ್ಣ ಕಲಸಿದವಳು ಅವಳು.

ಒಮ್ಮೆ ಕನಸಿನ ಓಣಿ ಮತ್ತೆ ಬಂತು. ಈ ಸಲ ಬಾಗಿಲುಗಳೆಲ್ಲ ತೆರೆದಿದ್ದವು. ಪ್ರತಿ ಕೋಣೆಯಲ್ಲೂ ಜನ, ಮೈಗೆ ಮೈ ತಾಗುವಷ್ಟು ಜನ. ಒಬ್ಬರಿಗೆ ಒಂದೇ ಹುಬ್ಬು, ಒಬ್ಬರಿಗೆ ಗಡ್ಡವಿದ್ದು ಮೀಸೆಯಿಲ್ಲ, ಒಬ್ಬ ಹುಡುಗಿಗೆ ಮುಖಕ್ಕೆ ಬಿಳಿ ಬಳಿದಿದೆ, ಕಣ್ಣು ಬರೆದಿಲ್ಲ. ಎಲ್ಲರೂ ತಮ್ಮ ಸರದಿಗೆ ಕಾಯುತ್ತಿದ್ದರು. ಯಾರೂ ರಂಗಕ್ಕೆ ಹೋಗುವಂತಿರಲಿಲ್ಲ. ಕಾಯುತ್ತ ಕಾಯುತ್ತ ಒಬ್ಬೊಬ್ಬರೇ ಗೋಡೆಗೊರಗಿ ಕೂತು, ಕೂತಲ್ಲೇ ಕರಗುತ್ತಿದ್ದರು. ಅವರ ಜಾಗಕ್ಕೆ ಹೊಸಬರು ಹುಟ್ಟುತ್ತಿದ್ದರು, ಅಷ್ಟೇ ಆತುರದಿಂದ, ಅಷ್ಟೇ ಅರ್ಧಂಬರ್ಧವಾಗಿ. ಹೊರಗೆ ರಂಗ ಬರಿದಾಗಿತ್ತು. ಅವಳು ಕುಂಚ ಹಿಡಿದು ಒಬ್ಬರಿಂದ ಇನ್ನೊಬ್ಬರ ಬಳಿಗೆ ಓಡುತ್ತಿದ್ದಳು, ಕೈ ಸಾಲುತ್ತಿರಲಿಲ್ಲ.

ಜ್ವರ ಬಿಟ್ಟ ದಿನ ಚಿಕ್ಕ ಡಾಕ್ಟರು ಬಂದಾಗ ಅವಳು ದಿಂಬಿಗೊರಗಿ ಕೂತಿದ್ದಳು. ಪುಟ್ಟಿ ಎಲ್ಲಿಗೋ ಹೋಗಿದ್ದಳು.

"ಡಾಕ್ಟ್ರೇ, ಆವತ್ತು ನೀವು ಹೇಳಿದ್ದು ನಾನು ಕೇಳಿಸ್ಕೊಳ್ಳಲೇ ಇಲ್ಲ. ಈಗ ಹೇಳಿ. ನನ್ನ ಮೂಳೆ ಯಾಕೆ ರಕ್ತ ಮಾಡ್ತಾ ಇಲ್ಲ?"

ಡಾಕ್ಟರು ಮಂಚದ ಅಂಚಿಗೆ ಸೊಂಟ ತಾಗಿಸಿ ನಿಂತರು. "ಮಾಡ್ತಾ ಇಲ್ಲ ಅಂತಲ್ಲ. ಸೂಜಿ ಹಾಕಿ ನೋಡಿದಾಗ ಒಳಗೆ ಖಾಲಿ ಇರಲಿಲ್ಲ, ಕಿಕ್ಕಿರಿದು ತುಂಬಿತ್ತು. ಮಜ್ಜೆ ಬೇರೆಯವರದ್ದಕ್ಕಿಂತ ಜಾಸ್ತೀನೇ ದುಡೀತಾ ಇದೆ. ಆದ್ರೆ ಅಲ್ಲಿ ಹುಟ್ಟೋ ಕಣಗಳು ಸರಿಯಾಗಿ ಬೆಳೆಯಲ್ಲ. ಬಹಳಷ್ಟು ಹೊರಗೆ ಬರೋ ಮುಂಚೆ ಅಲ್ಲೇ ಸಾಯ್ತವೆ. ಅದಕ್ಕೇ ಹೊರಗೆ ಎಣಿಸಿದಾಗ ಕಡಿಮೆ."

ಇಷ್ಟು ದಿನ ತನ್ನ ಮೂಳೆಗಳ ಮೇಲೆ ಅವಳಿಗೊಂದು ಸಿಟ್ಟಿತ್ತು, ಉಂಡು ಮಲಗುವ ಸೋಮಾರಿ ನೆಂಟರ ಮೇಲಿನ ಸಿಟ್ಟಿನಂತೆ. ಸೊಂಟದ ಮೇಲೆ ಕೈಯಿಟ್ಟಳು, ಸೂಜಿ ಇಳಿದಿದ್ದ ಕಡೆ. "ಪಾಪ," ಎಂದಳು. ಯಾರಿಗೆ ಹೇಳಿದಳೆಂದು ಡಾಕ್ಟರು ಕೇಳಲಿಲ್ಲ.

"ಇನ್ನು ಸರಿ ಹೋಗುತ್ತಾ?"

"ಒಂದು ಇಂಜೆಕ್ಷನ್ ಇದೆ. ಮುಂದಿನ ತಿಂಗಳು ಶುರು ಮಾಡೋಣ. ಕೆಲವರಿಗೆ ಕಣಗಳು ಬೆಳೆದು ಹೊರಗೆ ಬರೋಕೆ ಶುರುವಾಗುತ್ತೆ. ಕೆಲವರಿಗೆ ಆಗಲ್ಲ. ಮೊದಲೆರಡು ತಿಂಗಳು ಎಣಿಕೆ ಇನ್ನೂ ಇಳಿಯಬಹುದು, ಅದಕ್ಕೆ ಹೆದರಬಾರದು. ನಾನು ಭಾಷೆ ಕೊಡಲ್ಲ."

"ಬೇಡ. ಹೀಗೇ ಹೇಳಿ ಸಾಕು."

ಡಾಕ್ಟರು ಹೋದ ಮೇಲೆ ದೊರೆ ಫೋನು ಮಾಡಿದ. ಆವತ್ತು ಅವನು ವಾಪಸು ಹೋಗಿ, ಬಲಗೆನ್ನೆಗೆ ತಾನೇ ಬಳಿದುಕೊಂಡು, ಗಡ್ಡದ ಉಳಿದ ಭಾಗ ಅಂಟಿಸಿಕೊಂಡು ರಂಗಕ್ಕೆ ಹೋಗಿದ್ದ. ಹುಬ್ಬನ್ನು ಮುಟ್ಟಿರಲಿಲ್ಲ. "ಒಂದು ಹುಬ್ಬು ನೆಟ್ಟಗೆ, ಒಂದು ಹುಬ್ಬು ಆಕಾಶಕ್ಕೆ. ನೋಡಿದವರೆಲ್ಲ ಹೇಳಿದ್ರು, ಈ ಸಲ ರಾಜನಿಗೆ ಮಂತ್ರಿ ಮೇಲೆ ಅನುಮಾನ ಇರೋದು ಮೊದಲ ದೃಶ್ಯದಲ್ಲೇ ಗೊತ್ತಾಗ್ತಿತ್ತು ಅಂತ. ಇಷ್ಟು ವರ್ಷ ಯಾಕೆ ಹಾಗೆ ಬರೀಲಿಲ್ಲ ನೀನು?" ಅವಳು ನಕ್ಕಳು. ನಕ್ಕು ಸುಸ್ತಾಗಿ ಫೋನು ಎದೆಯ ಮೇಲಿಟ್ಟುಕೊಂಡಳು.

ಮಧ್ಯಾಹ್ನದ ಬಿಸಿಲು ಮಂಚದ ಕಾಲಿಗೆ ಬಂದಾಗ ಪುಟ್ಟಿ ಬಂದಳು. ಬಂದವಳು ಎಂದಿನಂತೆ ಮೇಜು ಒರೆಸಲಿಲ್ಲ, ಲೋಟ ತೊಳೆಯಲಿಲ್ಲ. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಕೈಗಳನ್ನು ಸೆರಗಿನೊಳಗಿಟ್ಟುಕೊಂಡಳು. ಅವರಿಬ್ಬರೂ ಆ ಸುಳ್ಳಿನ ಬಗ್ಗೆ ಇನ್ನೂ ಮಾತಾಡಿರಲಿಲ್ಲ. ಇವತ್ತು ಆಡಬೇಕು ಎಂದುಕೊಂಡು ಅವಳು ಗಂಟಲು ಸರಿಮಾಡಿಕೊಂಡಳು.

"ಪುಟ್ಟಿ, ಆವತ್ತು ನಾನು..."

"ಬಿಡು. ಸುಳ್ಳು ಹೇಳೋದು ನಿನಗೊಬ್ಬಳಿಗೇ ಬರುತ್ತೆ ಅಂದ್ಕೊಂಡ್ಯಾ?"

ಸೆರಗು ಜಾರಿತು. ಪುಟ್ಟಿಯ ಉಂಗುರದ ಬೆರಳ ತುದಿಯಲ್ಲಿ ಚೂರು ಹತ್ತಿ, ಅದರ ಮೇಲೆ ಪಟ್ಟಿ.

"ಏನದು?"

"ಕೆಳಗೆ ದಾನದ ರಕ್ತ ತಗೊಳ್ಳೋ ಕಡೆ ಹೋಗಿದ್ದೆ. ಐವತ್ತೆಂಟು ಅಂದೆ. ಆ ಹುಡುಗಿ ನಂಬಿದ್ಲು, ಬೆರಳು ಚುಚ್ಚಿ ನೋಡಿದ್ಲು. ಆಮೇಲೆ ಗುರುತಿನ ಕಾರ್ಡು ಕೇಳಿದ್ಲು." ಪುಟ್ಟಿ ಗೋಡೆ ನೋಡಿದಳು. "ಅರವತ್ತೈದು ದಾಟಿದವರದ್ದು ತಗೊಳ್ಳಲ್ವಂತೆ. ಅಷ್ಟು ಜನರ ಮುಂದೆ ಹೇಳಿದ್ಲು. ಅಜ್ಜಿ, ಮನೆಗೆ ಹೋಗಿ ಅಂದ್ಲು."

ವಾರ್ಡಿನಲ್ಲಿ ಯಾರೋ ಕೆಮ್ಮಿದರು. ದೂರದಲ್ಲಿ ಗಾಲಿಮಂಚ ಉರುಳಿ ಹೋಯಿತು. ಆ ಕೌಂಟರಿನ ಮುಂದೆ, ಹರೆಯದವರ ಸಾಲಿನಲ್ಲಿ, ಜೋರು ದನಿಯ ಈ ದಪ್ಪ ಹೆಂಗಸು ಬೆರಳು ಹಿಡಿದುಕೊಂಡು ನಿಂತದ್ದು ಅವಳ ಕಣ್ಣಿಗೆ ಕಟ್ಟಿತು.

"ಹಿಮೋಗ್ಲೋಬಿನ್ ಹದಿಮೂರೂವರೆ ಇದೆಯಂತೆ ನನಗೆ," ಎಂದಳು ಪುಟ್ಟಿ. ತಪ್ಪು ಮಾಡಿದವಳ ದನಿ. "ಎರಡು ಸಲ ನೋಡಿದ್ಲು ಆ ಹುಡುಗಿ. ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋದು ಕಡಿಮೆ ಅಂದ್ಲು. ಅತ್ತಿಗೆ, ಇಷ್ಟಿಟ್ಕೊಂಡು ನಾನೇನು ಮಾಡ್ಲಿ?"

ಅವಳು ಕೈಗೆ ಹಾಕಿದ್ದ ನಳಿಕೆ ಸಿಕ್ಕಿಕೊಳ್ಳದಂತೆ ಎತ್ತಿ ಹಿಡಿದು, ಮಂಚದ ಮೇಲೆ ಗೋಡೆಯ ಕಡೆಗೆ ಮೆಲ್ಲಗೆ ಸರಿದಳು. ಪಕ್ಕದಲ್ಲಿ ಉಳಿದ ಜಾಗವನ್ನು ಅಂಗೈಯಿಂದ ತಟ್ಟಿದಳು. ರೋಗಿಯ ಹಾಸಿಗೆಯ ಮೇಲೆ ಯಾರೂ ಕೂರಬಾರದೆಂದು ಬಂದವರಿಗೆಲ್ಲ ತಾನೇ ಕಟ್ಟಪ್ಪಣೆ ಮಾಡಿದ್ದ ಪುಟ್ಟಿ ಎದ್ದು ಬಂದು, ಕೈ ತೊಳೆದುಕೊಂಡು, ಒರೆಸಿಕೊಂಡು, ಮಂಚದ ಅಂಚನ್ನು ನೋಡಿದಳು.

"ಇನ್ನೂ ಸ್ವಲ್ಪ ಜರುಗು," ಎಂದಳು. "ನಾನು ದಪ್ಪ."